ಮೂರು ವಿಮಾನ, ಒಂದೇ ದರ

ಸ್ವಲ್ಪ ತಾಳಿ, ವಿಮಾನ ಕಂಪನಿಗಳಿಗೆ ಬಿದ್ದ ದಂಡದ ಸುದ್ದಿಗೆ ಆಮೇಲೆ ಬರುತ್ತೇನೆ. ಮೊದಲು ಆ ಹುಬ್ಬು ನೋಡಿ. ಪೆಟ್ಟಿಗೆಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಒಮ್ಮೆ ಫಟ್ಟನೆ ಕಿತ್ತು ಬಂದು ನಾವೆಲ್ಲ ಚಾಚಾ ಎನ್ನುತ್ತಿದ್ದ ಪಾರ್ಸೆಲ್ ಏಜೆಂಟರ ಬಲಹುಬ್ಬನ್ನು ಸೀಳಿತ್ತು. ಹೊಲಿಗೆ ಹಾಕಿಸಿದ ಮೇಲೆ ಅದು ಅರ್ಧ ಇಂಚು ಮೇಲೆಯೇ ನಿಂತುಬಿಟ್ಟಿತು. ನೀವು ಬರೀ ನಮಸ್ಕಾರ ಎಂದರೂ 'ನಿಜವಾಗ್ಲೂ?' ಎಂದು ಕೇಳುವಂಥ ಮುಖ.

ಅನುಮಾನ ಹುಬ್ಬಿನಲ್ಲಷ್ಟೇ ಇರಲಿಲ್ಲ. ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಅವರ ಪಾರ್ಸೆಲ್ ಅಂಗಡಿ. ಜಡೆ ಎಂಬ ನಮ್ಮೂರಿನಲ್ಲಿ ನಮ್ಮತ್ತೆ ಮತ್ತು ಇನ್ನು ನಾಲ್ಕು ಮನೆಯವರು ಬೆಳೆಯುವ ಆಂಥೂರಿಯಂ ಹೂವು ಅಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ, ಬೆಂಗಳೂರಿನಿಂದ ವಿಮಾನದಲ್ಲಿ ದೆಹಲಿಯ ಮದುವೆ ಮಂಟಪಗಳಿಗೆ ಹೋಗುತ್ತಿತ್ತು. ಚಾಚಾ ಪ್ರತಿ ಪೆಟ್ಟಿಗೆಯನ್ನೂ ಟೇಪು ಹಚ್ಚುವ ಮುಂಚೆ ಒಮ್ಮೆ, ಹಚ್ಚಿದ ಮೇಲೆ ಇನ್ನೊಮ್ಮೆ ತೂಗುತ್ತಿದ್ದರು.

"ಟೇಪಿಗೆ ಎಷ್ಟು ತೂಕ ಚಾಚಾ?" ಎಂದು ರೇಗಿಸಿದರೆ, "ಅನುಮಾನ ಟೇಪಿನ ಮ್ಯಾಲಲ್ಲವ್ವ, ನಿಮ್ಮತ್ತಿ ಮ್ಯಾಲೆ. ನಾ ಆಕಡಿ ತಿರುಗೂದ್ರಾಗ ಇನ್ನೆರಡು ಕಟ್ಟು ಒಳಗ ಹೋಗಿರ್ತಾವ" ಎನ್ನುತ್ತಿದ್ದರು.

ನಿಜ, ಹೋಗಿರುತ್ತಿದ್ದವು.

ಆ ವರ್ಷ ವಿಮಾನದ ಬಾಡಿಗೆ ಏರುತ್ತಲೇ ಹೋಯಿತು. ನಾನು ಕಾರ್ಗೋ ವಿಷಯವನ್ನೆಲ್ಲ ಫೋನಿನಲ್ಲಿ ನೋಡಿ ನೋಡಿಯೇ ಕಲಿತವಳು. ಒಂದು ದಿನ ಕಂಪನಿಯ ಕಿಲೋ ದರ ಹುಡುಕಿ ತೆಗೆದೆ. ಚಾಚಾ ಬಿಲ್ಲು ಅದಕ್ಕಿಂತ ಎಷ್ಟೋ ಜಾಸ್ತಿ! ಕುಣಿದಾಡುವಷ್ಟು ಉತ್ಸಾಹ ನನಗೆ. ಹೂವಿನವರ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟೆ: 'ನಡುವಿನ ದುಡ್ಡು ಚಾಚಾ ಜೇಬಿಗೆ ಹೋಗುತ್ತಿದೆ.'

"ನಂಗೆ ಮೊದ್ಲೇ ಡೌಟಿತ್ತು ಕಣೇ. ಎರಡೆರಡು ಸಲ ತೂಗೋರು ಸುಮ್ನೆ ತೂಗ್ತಾರಾ?" ಎಂದರು ಅತ್ತೆ.

ಮರುವಾರದಿಂದ ಐದೂ ಮನೆಯ ಪೆಟ್ಟಿಗೆಗಳು ಸೊರಬದ ಏಜೆಂಟರ ಕಡೆ ತಿರುಗಿದವು. ಬಾಗಿಲವರೆಗೂ ಪೆಟ್ಟಿಗೆ ತುಂಬಿರುತ್ತಿದ್ದ ಶಿಕಾರಿಪುರದ ಅಂಗಡಿಯಲ್ಲಿ ಚಾಚಾ ಒಬ್ಬರೇ ಉಳಿದರು.

ಆದರೆ ಸೊರಬದ ಬಿಲ್ಲೂ ಅಷ್ಟೇ ಬಂತು. ಆಗ ಬಿಲ್ಲನ್ನು ಕೊನೆಯವರೆಗೂ ಓದಿದೆ. ಕೆಳಗೆ ಬೇರೆಯೇ ಒಂದು ಸಾಲಿತ್ತು: ಇಂಧನ ಸರ್ಚಾರ್ಜ್. ಎಣ್ಣೆ ದುಬಾರಿಯಾಯಿತೆಂದು ವಿಮಾನದವರು ಹಾಕುವ ಹೆಚ್ಚುವರಿ. ನಾನು ಹುಡುಕಿದ್ದ ದರದಲ್ಲಿ ಅದು ಸೇರಿರಲೇ ಇಲ್ಲ. ಬೆಂಗಳೂರಿನ ಮೂರು ವಿಮಾನ ಕಂಪನಿಗಳಿಗೆ ಫೋನು ಮಾಡಿ ಕೇಳಿದೆ. ಮೂವರದೂ ಒಂದೇ. ನಿರಾಳವಾಗಿ ಶಿಕಾರಿಪುರದ ಬಸ್ ಹತ್ತಿದೆ.

"ಚಾಚಾ, ನಿಮ್ಮದೇನೂ ತಪ್ಪಿಲ್ಲ. ಮೂರೂ ಕಂಪನೀಲಿ ಕೇಳ್ದೆ. ಪೈಸೆ ಸಮೇತ ಒಂದೇ ರೇಟು!"

"ಅದಕ್ಕ ಖುಷಿ ಆತಾ ನಿಂಗ?"

"ಆಗದೆ ಏನು? ಎಲ್ಲರದ್ದೂ ಒಂದೇ ಅಂದ್ರೆ ಅದೇ ಸರಿಯಾದ ರೇಟು ಅಲ್ವಾ?"

"ಹುಚ್ಚವ್ವ," ಎಂದರು ಚಾಚಾ. "ಬ್ಯಾರೆ ಬ್ಯಾರೆ ವಿಮಾನ, ಬ್ಯಾರೆ ಬ್ಯಾರೆ ಮಾಲಕ್ರು. ಒಂದೇ ದಿನ, ಒಂದೇ ಪೈಸೆ ಏರಿಸ್ತಾರ. ಎಣ್ಣಿ ಇಳಿದ ತಿಂಗ್ಳೂ ಏರಿಸ್ಯಾರ. ನಿಂಗ ಸಮಾಧಾನ ಆದ ಜಾಗದಾಗೇ ನಂಗ ಅನುಮಾನ ಹುಟ್ತೈತಿ."

ಅವರ ತಂದೆ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳುವ ವ್ಯಾಪಾರ ಅದು. ಚಾಚಾ ನನ್ನ ಕೈ ಮೇಲೆ ತಮ್ಮ ಟವೆಲ್ ಹಾಕಿ ಎರಡು ಬೆರಳು ಒತ್ತಿದರು.

"ಇಲ್ಲಿ ಮಾರಾಂವ ಒಬ್ಬ, ಕೊಳ್ಳಾಂವ ಒಬ್ಬ. ಗುಟ್ಟಾಗಿದ್ರೂ ವ್ಯಾಪಾರನೇ. ಆದ್ರ ಟವೆಲ್ಲಿನ ಕೆಳಗ ಇರೋ ಕೈ ಎಲ್ಲಾ ಮಾರಾವ್ರದೇ ಆದ್ರ? ಕೊಳ್ಳಾಂವ ಹೊರಗ ನಿಂತು ಬಾಯಿ ಬಿಡ್ತಾನ, ನಿಮ್ಮತ್ತಿ ಹಂಗ."

ಟವೆಲ್ ಮಡಚುತ್ತ ಕೇಳಿದರು: "ಅದಿರ್ಲಿ, ಯಾರೋ ನಂಗೊಂದು ಫಾರ್ವರ್ಡ್ ಮೆಸೇಜ್ ತೋರ್ಸಿದ್ರು. ನಾ ರೊಕ್ಕ ತಿಂತೀನಿ ಅಂತ. ಬರ್ದಿದ್ದು ಯಾರು, ಗೊತ್ತೇನು?"

"ಗೊತ್ತಿಲ್ಲ ಚಾಚಾ."

ಅವರು ನನ್ನನ್ನೇ ನೋಡಿದರು. ಅನುಮಾನವೋ, ಬರೀ ಹುಬ್ಬೋ, ತಿಳಿಯಲಿಲ್ಲ. ಊರಿಗೆ ಬಂದ ಮೇಲೂ ನಾನು ಗುಂಪಿನಲ್ಲಿ ಬಾಯಿ ಬಿಡಲಿಲ್ಲ. ಎಲ್ಲ ಗೊತ್ತಿರುವ ಹುಡುಗಿ ಎಂಬ ಹೆಸರಿತ್ತಲ್ಲ, ಅದು ಹೋಗುತ್ತದೆಂಬ ಹೆದರಿಕೆ.

ಎರಡು ತಿಂಗಳ ನಂತರ ಫೋನಿನಲ್ಲಿ ಸುದ್ದಿ ಬಂತು. ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಆಯೋಗ, ಕಾರ್ಗೋ ಮೇಲಿನ ಇಂಧನ ಸರ್ಚಾರ್ಜನ್ನು ಒಳಗೊಳಗೇ ಮಾತಾಡಿಕೊಂಡು ಏರಿಸಿದ್ದಕ್ಕೆ ವಿಮಾನ ಕಂಪನಿಗಳಿಗೆ ದಂಡ ಹಾಕಿತ್ತು. ಬಸ್ ಹತ್ತಿ ಹೋಗಿ ಚಾಚಾಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ನಗಲಿಲ್ಲ.

"ದಂಡ ಯಾರಿಗೆ ಕಟ್ತಾರ?"

"ಸರ್ಕಾರಕ್ಕೆ."

"ನಿಮ್ಮತ್ತಿಗೆ?"

"ಏನೂ ಇಲ್ಲ."

"ಹಂಗಾರ ಮುಂದಿನ ಬಿಲ್ಲಿನ್ಯಾಗ ಈ ದಂಡ ಯಾವ ಹೆಸರಿಟ್ಕೊಂಡು ಬರ್ತೈತಿ, ಅದನ್ನ ನೋಡು."

ಆ ಸಂಜೆ ಗುಂಪಿನಲ್ಲಿ ನನ್ನ ಹೆಸರು ಹಾಕಿಯೇ ಬರೆದೆ: ತಪ್ಪು ನನ್ನದು, ಚಾಚಾ ಒಂದು ಪೈಸೆ ತಿಂದಿಲ್ಲ. ಅತ್ತೆ ತಕ್ಷಣ ಫೋನು ಮಾಡಿದರು.

"ಎಂತ ಮಾರಾಯ್ತಿ, ಅಷ್ಟು ದಿನ ಆ ಮನುಷ್ಯನ್ನ ಕಳ್ಳ ಮಾಡಿದ್ಯಲ್ಲೇ!"

"ನೀವೂ ನಂಬಿದ್ರಲ್ಲ ಅತ್ತೆ."

"ಕಣ್ಣೆದುರು ಇದ್ದೋರು ಅವ್ರೊಬ್ರೇ ಅಲ್ದನೇ. ವಿಮಾನದೋರನ್ನ ನಾನೆಲ್ಲಿ ನೋಡಿದೀನಿ?"

ಅತ್ತೆ ಮತ್ತು ಇನ್ನೊಂದು ಮನೆಯವರು ಚಾಚಾ ಹತ್ತಿರ ವಾಪಸ್ಸು ಹೋದರು. ಉಳಿದ ಮೂವರು ಸೊರಬವೇ ಹತ್ತಿರ ಎಂದು ಅಲ್ಲೇ ಉಳಿದರು.

ಹೋದ ಮಳೆಗಾಲದಲ್ಲಿ ಚಾಚಾ ಎದೆನೋವಿನಿಂದ ತೀರಿಕೊಂಡರು. ದಂಡದ ವಿರುದ್ಧ ಕಂಪನಿಗಳು ಹಾಕಿದ ಅಪೀಲು ಆಗಿನ್ನೂ ಮುಗಿದಿರಲಿಲ್ಲ. ಗುಂಪಿನಲ್ಲಿ ಒಪ್ಪಿಕೊಂಡೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆದರೆ ಚಾಚಾ ಆ ಗುಂಪಿನಲ್ಲಿ ಇರಲಿಲ್ಲ. 'ಗೊತ್ತಿಲ್ಲ' ಎಂದದ್ದು ಅವರ ಮುಖಕ್ಕೆ. ಅದನ್ನು ಅವರ ಮುಂದೆ ವಾಪಸ್ಸು ತೆಗೆದುಕೊಳ್ಳಲೇ ಇಲ್ಲ.

ನೀವೂ ಹೀಗೆ ದೂರದವರು ಮಾಡಿದ್ದಕ್ಕೆ ಹತ್ತಿರದವರನ್ನು ಅನುಮಾನಿಸಿದ್ದುಂಟಾ? ಆಮೇಲೆ ಅವರ ಮುಂದೆ ಹೋಗಿ ಹೇಳಿದಿರಾ, ಹೇಗೆ ಹೇಳಿದಿರಿ? ದಯವಿಟ್ಟು ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ.