ಒಂದು ಫ್ಲೆಕ್ಸು, ಒಂದು ನೋಟಿಸು, ಮುದ್ದಮ್ಮ

ಕೆಸರೆಯ ಬೀದಿದೀಪ ಇನ್ನೂ ಆರಿಲ್ಲ. ಮುದ್ದಮ್ಮ ಒಲೆಯ ಮುಂದೆ ನಿಂತು ರಾಗಿ ಸರಿ ತಿರುವುತ್ತಿದ್ದಾರೆ. ಮೇಟಗಳ್ಳಿಯ ಗಾರ್ಮೆಂಟ್ಸಿಗೆ ಹೊರಟ ಮಾಲಾ ನಿದ್ದೆಗಣ್ಣಿನ ಮಗಳು ಸಿಂಚನಳನ್ನು ಅವರ ತೋಳಿಗೆ ದಾಟಿಸಿ ವ್ಯಾನು ಹಿಡಿಯಲು ಓಡುತ್ತಾರೆ. ಹೊತ್ತು ಏರುವುದರೊಳಗೆ ಒಂಬತ್ತು ಮಕ್ಕಳು ಸೇರುತ್ತಾರೆ. ಒಂದು ಮಗು ಅಳುತ್ತದೆ, ಅದನ್ನು ನೋಡಿ ಇನ್ನೊಂದು. ಈ ಮನೆಗೆ ಸರ್ಕಾರ ಬೀಗ ಹಾಕುವೆನೆಂದ ದಿನ ಇವತ್ತೇ.

ಅರವತ್ತೊಂದರ ಮುದ್ದಮ್ಮ ಹಿಂದೆ ಗಾರ್ಮೆಂಟ್ಸಿನಲ್ಲೇ ಹೊಲಿದವರು. ಎಳೆಮಗನನ್ನು ಸೀರೆಯಿಂದ ಮಂಚದ ಕಾಲಿಗೆ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದುದನ್ನು ಅವರು ಈಗಲೂ ಮರೆತಿಲ್ಲ. "ಆ ಕರ್ಮ ಇನ್ನೊಬ್ಬಳಿಗೆ ಬ್ಯಾಡ ಅಂತ ಮಕ್ಕಳ್ನ ನೋಡ್ಕಳಕ್ಕೆ ಶುರು ಮಾಡ್ದೆ, ಅಷ್ಟೇಯ" ಎನ್ನುತ್ತಾರೆ.

ಹದಿನಾಲ್ಕು ವರ್ಷ ಯಾರೂ ಕೇಳದ ಮನೆಗೆ ಕಷ್ಟ ಬಂದದ್ದು ಪ್ರೀತಿಯ ದೆಸೆಯಿಂದ. ಮಾಲಾ ಅವರ ಗಂಡ, ಆಟೋ ಓಡಿಸುವ ಮನೋಹರ್, ಮುದ್ದಮ್ಮನ ಹುಟ್ಟುಹಬ್ಬಕ್ಕೆ ಬೀದಿ ತುದಿಯಲ್ಲಿ ಫ್ಲೆಕ್ಸು ಕಟ್ಟಿಸಿದರು. ನಮ್ಮ ಕಡೆ ಫ್ಲೆಕ್ಸಿಲ್ಲದೆ ಅಭಿಮಾನವುಂಟೇ? ಬರೀ ಹೆಸರು ಸಪ್ಪೆಯೆನಿಸಿ, "ಶ್ರೀಮತಿ ಮುದ್ದಮ್ಮನವರ ಶಿಶುಪಾಲನಾ ಕೇಂದ್ರ" ಎಂದು ಬರೆಸಿದರು. ಆ ದಾರಿಯಲ್ಲಿ ಬಂದ ಮಕ್ಕಳ ಇಲಾಖೆಯ ಅಧಿಕಾರಿ ಪ್ರೇಮಲೀಲಾ ಅದನ್ನು ಓದಿದರು. ಕೇಂದ್ರವೆಂದ ಮೇಲೆ ಲೈಸೆನ್ಸ್ ಎಲ್ಲಿ? ತಿಂಗಳೊಳಗೆ ಲೈಸೆನ್ಸ್ ಪಡೆಯಿರಿ, ಇಲ್ಲವೇ ಮುಚ್ಚಿ ಎಂದು ನೋಟಿಸು ಬಂತು. "ನಾನೇನು ಕೇಂದ್ರ ಅಂದ್ನಾ? ಮನೆ ಅಂದಿದ್ರೆ ಸಾಕಿತ್ತು" ಎಂದು ಮುದ್ದಮ್ಮ ನಗುತ್ತಾರೆ. ಮನೋಹರ್ ಅವರಿಗೆ ಮಾತ್ರ ನಗು ಬರುವುದಿಲ್ಲ.

ಪ್ರೇಮಲೀಲಾ ಕೆಟ್ಟವರಲ್ಲ. "ಮಗುವಿಗೆ ಹೆಚ್ಚುಕಮ್ಮಿ ಆದ್ರೆ ಯಾರಮ್ಮ ಜವಾಬ್ದಾರಿ?" ಎಂಬ ಅವರ ಮಾತು ನ್ಯಾಯವಾದದ್ದೇ. ಮುದ್ದಮ್ಮನೂ ಅದನ್ನು ಒಪ್ಪಿ ಅಡುಗೆಮನೆಗೆ ಅಡ್ಡಗೇಟು ಹಾಕಿಸಿದರು, ಬೆಂಕಿ ಆರಿಸುವ ಸಿಲಿಂಡರ್ ತಂದರು, ಸಹಾಯಕ್ಕೊಬ್ಬ ಆಯಾಳನ್ನಿಟ್ಟುಕೊಂಡರು. ಆದರೆ ಲೈಸೆನ್ಸಿಗೆ ಆಟದ ಬಯಲೂ ಬೇಕಂತೆ. ಗೋಡೆಗೆ ಗೋಡೆ ತಾಗಿದ ವಠಾರದಲ್ಲಿ ಬಯಲನ್ನು ಎಲ್ಲಿಂದ ತರುವುದು? ಈ ನಿಯಮ ಬರೆದವರ ಮಕ್ಕಳನ್ನು ಸಾಕಿದವರಾರೋ, ಕೇಳಬೇಕೆನಿಸುತ್ತದೆ.

ಹತ್ತರ ಹೊತ್ತಿಗೆ ಜೀಪು ಬರುತ್ತದೆ. ಪ್ರೇಮಲೀಲಾ ಜೊತೆಗೆ ಬಂದ ಸಿಬ್ಬಂದಿಯ ಕೈಯಲ್ಲಿ ಬೀಗವಿದೆ. ಮುದ್ದಮ್ಮ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ, ಅಳುವುದೂ ಇಲ್ಲ.

"ಬೀಗ ಹಾಕ್ಕಳಿ ಮೇಡಮ್ಮು. ಮಕ್ಕಳ್ನ ಒಳಗಿಟ್ಟು ಹಾಕ್ತೀರೋ, ಆಚೆಗಿಟ್ಟೋ? ಆಚೆಗಾದ್ರೆ ಇವರಮ್ಮಂದಿರು ಬರೋಗಂಟ ನೀವೇ ನೋಡ್ಕಳಿ" ಎಂದು ಸಿಂಚನಳನ್ನು ಅವರ ತೋಳಿಗೆ ಕೊಟ್ಟೇಬಿಡುತ್ತಾರೆ.

ಮಗು ಒಂದು ಕ್ಷಣ ಹೊಸ ಮುಖ ನೋಡಿ, ಅಧಿಕಾರಿಯ ಹೆಗಲಿಗೆ ತಲೆ ಆನಿಸುತ್ತದೆ. ಪ್ರೇಮಲೀಲಾ ಮಗುವಿನ ಬೆನ್ನಿಗೆ ಕೈಯಿಡುತ್ತಾರೆ. ಬೀಗ ಹಿಡಿದವನು ಅವರ ಮುಖವನ್ನೇ ನೋಡುತ್ತಿದ್ದಾನೆ. ಕಡೆಗೆ ಅವರು ಮೆಲ್ಲಗೆ, "ಇನ್ನೊಂದು ತಿಂಗಳು ಟೈಮ್ ಕೊಡ್ತೀನಿ. ಬಯಲಿನ ವಿಷಯ ಮೇಲಿನವರಿಗೆ ಬರೀತೀನಿ. ಆದ್ರೆ ಮತ್ತೆ ಬರಲೇಬೇಕಾಗ್ತದೆ ಕಣಮ್ಮ" ಎನ್ನುತ್ತಾರೆ.

ಮುದ್ದಮ್ಮ ಮಗುವನ್ನು ವಾಪಸು ಎತ್ತಿಕೊಳ್ಳುತ್ತಾರೆ.

"ಬನ್ನಿ ಮೇಡಮ್ಮು. ಬಾಗ್ಲು ತೆಗ್ದೇ ಇರ್ತದೆ."