ಮಗ್ಗದ ಮನೆಯಲ್ಲಿ ಮೆಲುದನಿ

ಗಡಹಿಂಗ್ಲಜದ ನಮ್ಮ ಶಾಲೆಯಲ್ಲಿ ಕನ್ನಡ ವರ್ಗಕ್ಕೆ ಸ್ವಂತ ಕೋಣೆ ಇರಲಿಲ್ಲ. ಮರಾಠಿ ಹುಡುಗರು ಒಳಗೆ ಬೆಂಚಿನ ಮೇಲೆ, ನಾವು ಹೊರಗೆ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ. ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆದ ಕಾಲ ಅದು. ಗಡಿ ಎಲ್ಲಿ ಬಿತ್ತು, ಎಲ್ಲಿ ಬೀಳಬೇಕಿತ್ತು ಎಂದು ದೊಡ್ಡವರು ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದರು. ಅದು ವರ್ಗದ ಹೊಸ್ತಿಲ ಮೇಲೆಯೇ ಬಿದ್ದದ್ದು ನಮ್ಮ ಕಣ್ಣಿಗೆ ಕಾಣುತ್ತಿತ್ತು, ಆದರೆ ನಮ್ಮನ್ನು ಯಾರೂ ಕೇಳಲಿಲ್ಲ.

ನಮ್ಮ ತಟ್ಟಿನ ಮೇಲೆ ಮೂವರು ಖಾಯಂ ಸದಸ್ಯರು. ನಾನು, ನನ್ನ ಪಕ್ಕ ಬಾಯಿ ಮುಚ್ಚಲು ಬಾರದ ಒಬ್ಬ, ಅವನ ಪಕ್ಕ ಬಾಯಿ ತೆರೆಯಲು ಬಾರದ ಇನ್ನೊಬ್ಬ. ಈ ಮೂರನೆಯವನ ದನಿ ಎಷ್ಟು ಸಣ್ಣದೆಂದರೆ, ಮಾಸ್ತರರು ಹಾಜರಿ ಕೂಗಿದಾಗ ಅವನು ಹೇಳಿದ "ಹಾಜರ್" ಅವನ ಅಂಗಿಯ ಗುಂಡಿ ದಾಟಿ ಬರುತ್ತಿರಲಿಲ್ಲ. ಎದುರಿಗೆ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಿ ಬೀಳುತ್ತಿತ್ತು. ಕೊನೆಗೆ ಬಾಯಿಯವನು ಅವನ ಪರವಾಗಿಯೂ ಹಾಜರ್ ಹೇಳತೊಡಗಿದ. ಮಾಸ್ತರರೂ ಒಪ್ಪಿಕೊಂಡರು. ಹೀಗೆ ಸಿಕ್ಕ ವಕ್ತಾರನ ಹುದ್ದೆಗೆ ಅವನು ಮುಂದೆಯೂ ರಾಜೀನಾಮೆ ಕೊಡಲಿಲ್ಲ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿದ ಮೇಲೆ ಮೂವರೂ ಮೂರು ದಿಕ್ಕಾದೆವು. ನಾನು ಕೊಲ್ಹಾಪುರದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತನಾದೆ. ವಕ್ತಾರ ಹುಪರಿಗೆ ಹೋಗಿ ಬೆಳ್ಳಿ ಕೆಲಸ ಕಲಿತು ಗೆಜ್ಜೆ ಮಾಡತೊಡಗಿದ. ಸಣ್ಣ ದನಿಯವನು ಇಚಲಕರಂಜಿಯಲ್ಲಿ ಪವರ್‌ಲೂಮಿಗೆ ಸೇರಿದ. ಮಗ್ಗಗಳ ವಾರದ ರಜೆಯ ದಿನ ಆದಷ್ಟು ಮಟ್ಟಿಗೆ ಮೂವರೂ ಇಚಲಕರಂಜಿಯ ಬಸ್ ಸ್ಟ್ಯಾಂಡಿನ ಬದಿಯ ಚಹಾದಂಗಡಿಯಲ್ಲಿ ಸೇರುತ್ತಿದ್ದೆವು. ಕಾರ್ಯಕಲಾಪವೆಂದರೆ ಶಾಲೆಯ ವಿಷಯ ಮಾತ್ರ. ಯಾವ ಮಾಸ್ತರರ ಛಡಿ ಯಾವ ಮರದ್ದು ಎಂಬ ಪ್ರಶ್ನೆಯನ್ನೇ ಎಷ್ಟೋ ರಜೆ ಚರ್ಚಿಸಿದ್ದೇವೆ. ಇನ್ನೂ ಇತ್ಯರ್ಥವಾಗಿಲ್ಲ.

ಮಗ್ಗದ ಶೆಡ್ಡಿನಲ್ಲಿ ಒಂದೆರಡು ವರ್ಷ ಕಳೆಯುವುದರೊಳಗೆ ಮೂರನೆಯವನಿಗೆ ದನಿ ಬಂತು. ಬಂದದ್ದು ಸಾಮಾನ್ಯ ದನಿಯಲ್ಲ. ಅಷ್ಟೂ ಮಗ್ಗಗಳ ಖಟಖಟದ ಮೇಲೆ ಮಾತಾಡಿ ರೂಢಿಯಾಗಿ, ರಸ್ತೆಯಲ್ಲಿಯೂ ಅವನು ಹಾಗೆಯೇ ಮಾತಾಡುತ್ತಿದ್ದ. ಅವನು "ಆರಾಮೇನ್ಲೇ" ಅಂದರೆ ಆಚೆ ಬದಿಯ ಟಾಂಗಾದ ಕುದುರೆ ಕಿವಿ ನಿಮಿರಿಸುತ್ತಿತ್ತು.

ಈ ದನಿಯೇ ಅವನ ಮದುವೆಗೆ ಅಡ್ಡ ಬಂತು. ಗಡಹಿಂಗ್ಲಜದಲ್ಲಿ ಒಬ್ಬ ದರ್ಜಿಯ ಮಗಳನ್ನು ನೋಡಲು ಹೋಗಿದ್ದ. ಹುಡುಗಿಯ ಹೆಸರನ್ನು ಅವನು ಕೇಳಿದ ರೀತಿಗೆ ಹುಡುಗಿ ಅಳುತ್ತ ಒಳಗೆ ಹೋದಳು. ಹುಡುಗ ಜಗಳಗಂಟ ಎಂದು ಹೇಳಿ ಕಳಿಸಿದರು. ಇನ್ನೊಂದು ಮನೆಯವರು ಕಿವುಡ ಎಂದರು.

ಆಮೇಲೆ ಇಚಲಕರಂಜಿಯ ಪಕ್ಕದ ಯಡ್ರಾವಿನ ಸಂಬಂಧ ಬಂತು. ತಂದೆ ಮಗ್ಗದವನು, ತಾಯಿ ಮಗಳು ಇಬ್ಬರೂ ಶೆಡ್ಡಿನಲ್ಲಿ ಕಂಡಿ ತುಂಬುವವರು, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಗೆ ನೂಲು ಸುತ್ತುವವರು. ಹುಡುಗಿಯನ್ನು ಇವನು ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಒಮ್ಮೆ ನೋಡಿದ್ದ. ಎಷ್ಟು ಹೊತ್ತು ನೋಡಿದ್ದ ಎಂಬುದನ್ನು ನಮಗೆ ಹೇಳಲಿಲ್ಲ. ಆದರೆ ಚಹಾದಂಗಡಿಯಲ್ಲಿ, ತನ್ನ ಲೆಕ್ಕದಲ್ಲಿ ಗುಟ್ಟಾಗಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದ: "ಇದೊಂದು ತಪ್ಪಿತಂದ್ರ ನಾ ಇನ್ನ ಹೆಣ್ಣ ನೋಡಾಕ ಹೋಗಾಂಗಿಲ್ಲ."

ಅವನ ತಂದೆ ಇರಲಿಲ್ಲ. ಗಡಹಿಂಗ್ಲಜದಲ್ಲಿದ್ದ ತಾಯಿ ನಮ್ಮಿಬ್ಬರಿಗೆ ಹಿರಿತನ ವಹಿಸಿದ್ದಳು. "ಮೊದಲ ನೀವ ಹೋಗಿ ನೋಡ್ರಪಾ. ಮನಸಿಗೆ ಬಂದ್ರ ಆಮ್ಯಾಲ ನಾ ಬರ್ತೇನಿ." ನಾವು ಜವಾಬ್ದಾರಿಯನ್ನು ಗಂಭೀರವಾಗಿ ತೆಗೆದುಕೊಂಡು ಚಹಾದಂಗಡಿಯಲ್ಲಿಯೇ ಸಭೆ ಸೇರಿದೆವು.

"ಗೆಜ್ಜಿ ಮಾಡಾವ ನಾ. ದನಿ ಅಂದ್ರ ಏನಂತ ನನಗ ಗೊತ್ತೈತಿ," ಎಂದ ಹುಪರಿಯವನು. "ಗೆಜ್ಜಿ ಸಣ್ಣಗ ನುಡೀಬೇಕು. ದಣದಣ ಅಂದ್ರ ಅದು ಎತ್ತಿನ ಕೊಳ್ಳಾಗಿನ ಗಂಟಿ. ನೀ ಸಣ್ಣಗ ಮಾತಾಡು."

ನಾನು ನನ್ನ ಸಾಹುಕಾರರ ಉದಾಹರಣೆ ಕೊಟ್ಟೆ. ಕೊಲ್ಹಾಪುರದ ಪೇಟೆಯಲ್ಲಿ ಮನುಷ್ಯ ದೊಡ್ಡವನಾದಷ್ಟೂ ದನಿ ಸಣ್ಣದಾಗುತ್ತದೆ, ನಮ್ಮ ಸಾಹುಕಾರರಂತೂ ಹುಬ್ಬಿನಲ್ಲೇ ಮುಗಿಸುತ್ತಾರೆ, ಎಂದೆ. ಠರಾವು ಅವಿರೋಧವಾಗಿ ಪಾಸಾಯಿತು. ಹುಡುಗ ಶಾಲೆಯಲ್ಲಿ ಮಾತಾಡುತ್ತಿದ್ದ ಹಾಗೆ ಮಾತಾಡತಕ್ಕದ್ದು.

"ಶಾಳ್ಯಾಗ ನಾ ಮಾತಾಡೇ ಇಲ್ಲಲ್ಲೋ," ಎಂದ ಅವನು.

"ಅದ ಚೊಲೋ ಇತ್ತು," ಎಂದ ವಕ್ತಾರ.

ಮುಂದಿನ ರಜೆಯ ದಿನ ಸೈಕಲ್ ಹತ್ತಿ ಯಡ್ರಾವಿಗೆ ಹೋದೆವು. ಮಗ್ಗ ನಿಂತ ದಿನ ಆ ಓಣಿಗಳಲ್ಲಿ ಎಂಥ ಮೌನ ಎಂದರೆ, ಸೈಕಲ್ಲಿನ ಚೈನು ನಮ್ಮ ಬಗ್ಗೆ ಏನೋ ಹೇಳುತ್ತಿರುವಂತೆ ಕೇಳಿಸುತ್ತಿತ್ತು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು "ಬರ್ರಿ, ಬರ್ರಿ" ಎಂದು ಅಬ್ಬರಿಸಿದ. ಒಳಗಿಂದ ಹೆಂಡತಿ "ನೀರ ಕೊಡ್ರಿ ಮೊದ್ಲ" ಎಂದು ಗುಡುಗಿದಳು. ಗಂಡ ಹೆಂಡತಿ ಜಗಳದಲ್ಲಿದ್ದಾಗ ಬಂದೆವಲ್ಲ ಎಂದು ನಾನು ಸಂಕೋಚಪಟ್ಟೆ. ತಿಳಿದುಕೊಳ್ಳುವ ಬುದ್ಧಿ ಇದ್ದಿದ್ದರೆ ಆಗಲೇ ತಿಳಿಯುತ್ತಿತ್ತು.

ಚಾಪೆಯ ಮೇಲೆ ಕೂತೆವು. ಹುಡುಗಿ ಪೋಹೆಯ ತಾಟುಗಳನ್ನು ತಂದಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ತಂದೆ ವಿಚಾರಣೆ ಶುರು ಮಾಡಿದ.

"ಎಷ್ಟ ಮಗ್ಗ ನೋಡ್ತೀಪಾ ನೀ?"

ನಮ್ಮವನು ತಲೆ ತಗ್ಗಿಸಿ ತನ್ನ ಅಂಗಿಯ ಗುಂಡಿಗೆ ಏನೋ ಹೇಳಿದ.

"ಏನಂದಿ?"

"ನಾಕು ಅಂದಾನ್ರಿ," ಎಂದ ವಕ್ತಾರ.

"ಪಾಳಿ ಯಾವ್ದು?"

ಅದಕ್ಕೂ ಗುಂಡಿಗೇ ಉತ್ತರ ಹೇಳಿದ. "ಹಗಲ ಪಾಳಿ ಅಂದಾನ್ರಿ."

"ತಮ್ಮಾ, ನಾ ನಿನ್ನ ಕೇಳಿಲ್ಲ. ನಿನಗ ನನ್ನ ಮಗಳ್ನ ಕೊಡಾಕತ್ತಿಲ್ಲ," ಎಂದ ಆತ. ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ತಾಯಿ ಒಳಗಿಂದಲೇ ಕೇಳಿದಳು: "ಹುಡುಗನ ಎದಿ ಫೋಟೋ ತಗಸ್ಯಾರೇನ ಕೇಳ್ರಿ."

ವಕ್ತಾರ ಗೆಜ್ಜೆಯ ತತ್ವವನ್ನು ಹೇಳಲು ಹೋದ. ತಂದೆ ಕೈ ಎತ್ತಿ ತಡೆದ. ಈ ಸಲ ಅವನ ದನಿಯಲ್ಲಿ ಅಬ್ಬರವಿರಲಿಲ್ಲ.

"ನೋಡ್ರಿ, ಸಿಟ್ಟಾಗಬ್ಯಾಡ್ರಿ. ಮಗ್ಗದಾಗ ಇರಾವ ಹಿಂಗ ಸಣ್ಣ ದನೀಲೆ ಮಾತಾಡಂಗಿಲ್ಲ. ಹಿಂಗ ಮಾತಾಡಾವ್ರು ನಮ್ಮ ಓಣ್ಯಾಗ ಇಬ್ಬರಿದ್ರು. ಇಬ್ಬರೂ ಈಗಿಲ್ಲ. ಒಬ್ಬಾಂವ ನನ್ನ ತಮ್ಮನ ಇದ್ದ."

ನಾನು ಪೋಹೆಯ ತಾಟು ಕೆಳಗಿಟ್ಟೆ. ಹತ್ತಿಯ ಧೂಳು ಕುಡಿದು ಕುಡಿದು ಎದೆ ಕೆಟ್ಟವರಿಗೆ ಮೊದಲು ಹೋಗುವುದು ದನಿಯಂತೆ. ಬೆಲ್ಲದ ಅಂಗಡಿಯಲ್ಲಿಯೂ ಬೆಳ್ಳಿಯ ಕುಲುಮೆಯಲ್ಲಿಯೂ ಕಲಿತ ನಮ್ಮ ಜ್ಞಾನ ಆ ಮನೆಯ ದುಃಖದ ಮೇಲೆ ಹೋಗಿ ಕೂತಿತ್ತು. ಗೆಳೆಯನ ಮುಖ ಬಿಳಚಿಕೊಂಡಿತ್ತು. ಆದರೂ ಠರಾವಿಗೆ ನಿಷ್ಠನಾಗಿ ಬಾಯಿ ಬಿಡದೆ ನಮ್ಮನ್ನೇ ನೋಡುತ್ತಿದ್ದ. ಅವನು ಹಾಗೆ ನೋಡಿದ್ದನ್ನು ನೆನೆಸಿಕೊಂಡರೆ ಈಗಲೂ ಕಸಿವಿಸಿಯಾಗುತ್ತದೆ.

ಅಷ್ಟರಲ್ಲಿ ಅವನ ಕಣ್ಣು ನಮ್ಮನ್ನು ಬಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಯಿತು. ಹುಡುಗಿ ಬಾಯಿ ಆಡಿಸುತ್ತಿದ್ದಳು. ದನಿ ಇಲ್ಲ, ಬರೀ ತುಟಿ, ಜೊತೆಗೆ ಎರಡು ಬೆರಳಿನ ಸನ್ನೆ. ಇವನೂ ತುಟಿ ಆಡಿಸಿದ. ಅವಳು ಮತ್ತೇನೋ ಕೇಳಿದಳು. ಇವನು ಗದ್ದದಿಂದ ನಮ್ಮಿಬ್ಬರನ್ನು ತೋರಿಸಿ, ದನಿಯಿಲ್ಲದೆಯೇ ಒಂದು ದೊಡ್ಡ ವಾಕ್ಯ ಹೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಂದೆ ನಗತೊಡಗಿದ. ತಾಯಿ ಹೊರಗೆ ಬಂದು ನಮ್ಮಿಬ್ಬರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಅವಳೂ ನಕ್ಕಳು. ನಗದೆ ಉಳಿದವರು ನಾವಿಬ್ಬರೇ.

ಶೆಡ್ಡಿನೊಳಗೆ ಕೂಗಿದರೂ ಕೇಳದಷ್ಟು ಸಪ್ಪಳವಾದಾಗ ಮಗ್ಗದವರು ತುಟಿಯಲ್ಲೇ ಮಾತಾಡುತ್ತಾರೆ, ದೂರದಿಂದಲೇ ಓದಿಕೊಳ್ಳುತ್ತಾರೆ. ಆ ಮನೆಯಲ್ಲಿ ಎಲ್ಲರಿಗೂ ಆ ವಿದ್ಯೆ ಬರುತ್ತಿತ್ತು. ಹುಡುಗ ಹುಡುಗಿ ಗುಟ್ಟಾಗಿ ಆಡಿದ ಮಾತನ್ನು ತಂದೆ ತಾಯಿ ಅಕ್ಷರ ಬಿಡದೆ ಓದಿದ್ದರು. ಇಡೀ ಮನೆಯಲ್ಲಿ ನಿರಕ್ಷರಿಗಳು ಮುಲ್ಕಿ ಪಾಸಾದ ನಾವಿಬ್ಬರೇ.

"ಏನಂದ್ರಿ ಇವ್ರು?" ಎಂದು ವಕ್ತಾರ ಕೇಳಿದ. ಇನ್ನೊಬ್ಬರ ಮಾತನ್ನು ತಾನು ಕೇಳಬೇಕಾಗಿ ಬಂದದ್ದು ಅವನ ಜೀವನದಲ್ಲಿ ಅದೇ ಮೊದಲಿರಬೇಕು.

ತಂದೆ ಕಣ್ಣೊರೆಸಿಕೊಂಡು ಹೇಳಿದ: "ಆರಾಮಿಲ್ಲೇನ ಅಂತ ಇಕಿ ಕೇಳಿದ್ಲು. ಆರಾಮದೇನಿ, ಈ ಇಬ್ಬರು ಶಾಣ್ಯಾರು ದನಿ ಕಟ್ಟಿಹಾಕಿ ಕರಕೊಂಡ ಬಂದಾರ ಅಂದ ಇಂವ. ಬಿಚ್ಚಿ ಮಾತಾಡ್ರಿ ಅಂದ್ಲು. ಗೆಳ್ಯಾರಿಗಿ ಮಾತ ಕೊಟ್ಟೇನಿ ಅಂದ." ನಮ್ಮವನ ಕಡೆಗೆ ತಿರುಗಿದ. "ಅಸೂ ದೇ, ಇರ್ಲಿ. ಈಗ ನಾ ಹೇಳಾಕತ್ತೇನಿ. ನಿನ್ನ ದನೀಲೆ ಮಾತಾಡು."

ಅವನು ನಮ್ಮ ಅಪ್ಪಣೆಗೆ ಕಾಯಲಿಲ್ಲ. "ನನಗ ಏನೂ ಆಗಿಲ್ರಿ ಮಾವಾರ. ಹುಡುಗಿ ನನಗ ಪಸಂದ ಅದಾಳ್ರಿ."

ತಾಟಿನ ಮೇಲಿನ ಚಮಚ ನಡುಗಿತು ಎಂದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಆದರೆ ಗೋಡೆಯಾಚೆಯಿಂದ ನೆರೆಮನೆಯ ಹೆಂಗಸು "ಜಮಲಂ ಕಾಯ್ ಗ?" ಎಂದು ಕೂಗಿದ್ದು ನಿಜ. ಕೂಡಿ ಬಂತೇನೇ ಎಂದು ಅವಳು ಕೇಳಿದ್ದಕ್ಕೆ ಒಳಗಿನವರು ಉತ್ತರ ಕೊಡಬೇಕಾಗಿತ್ತು.

ಉತ್ತರ ಕೊಟ್ಟವಳು ಹುಡುಗಿ. ಅವಳ ದನಿಯೂ ಮಗ್ಗದ ದನಿಯೇ. "ಥಾಂಬಾ," ಅಂದಳು ಗೋಡೆಗೆ, ತಡೀರಿ ಎಂದು. ಆಮೇಲೆ ಇವನಿಗೆ: "ಲಗ್ನ ಆದ ಮ್ಯಾಲ ನಾ ಕಂಡಿ ತುಂಬೂದ ಬಿಡಾಂಗಿಲ್ಲ. ಗಡಹಿಂಗ್ಲಜಕ್ಕ ಹೋಗಿ ಅತ್ತಿ ಜೋಡಿ ಕುಂದ್ರು ಅಂದ್ರ ಕುಂದ್ರಾಂಗಿಲ್ಲ."

"ಕುಂದರ ಬ್ಯಾಡ. ನಮ್ಮವ್ವನ್ನ ಇಲ್ಲೇ ಕರಕೊಂಡ ಬರೂಣು. ಒಬ್ಬಾಕಿನ ಅದಾಳ ಅಲ್ಲೆ."

ಅವಳು ಗೋಡೆಯ ಕಡೆ ತಿರುಗಿ "ಜಮಲಂ" ಎಂದಳು. ತಾಯಿ ಸಕ್ಕರೆ ಡಬ್ಬಿ ತರಲು ಒಳಗೆ ಹೋದಳು.

ಬೇಸಿಗೆಯಲ್ಲಿ ಮದುವೆಯಾಯಿತು. ನಮ್ಮ ಸಭೆ ಚಹಾದಂಗಡಿಯಿಂದ ಅವರ ಬಾಡಿಗೆಯ ಖೋಲಿಗೆ ಬಂತು. ಊಟಕ್ಕೆ ಕೂತಾಗ ನಮ್ಮ ತಲೆಗಳ ಮೇಲಿಂದ ಗಂಡ ಹೆಂಡತಿ ತುಟಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಇನ್ನೊಂದು ಭಕ್ರಿ ಹಾಕಲೇ ಎಂದು ಕೇಳಿದಳು ಅಷ್ಟೇ ಎಂದು ಅವನು ಹೇಳುತ್ತಾನೆ. ಭಕ್ರಿಗೆ ಅಷ್ಟು ನಗು ಬರಲಾರದು. ಆ ವಿದ್ಯೆ ಕಲಿಯಬೇಕೆಂದು ವಕ್ತಾರ ಹುಪರಿಯ ತನ್ನ ಮನೆಯಲ್ಲಿ ಅಭ್ಯಾಸ ಮಾಡಿದ. ಹಲ್ಲು ನೋವೇ ಎಂದು ಅವನ ಹೆಂಡತಿ ಲವಂಗ ಕೊಟ್ಟಳು.

ಗಡಹಿಂಗ್ಲಜದ ತಾಯಿ ಮೊದಲು ಬರಲು ಒಪ್ಪಲಿಲ್ಲ. ಮಳೆಗಾಲಕ್ಕೆ ಬಂದಳು. ಶಾಲೆಯಲ್ಲಿದ್ದಾಗಿನ ಮಗನಂತೆ ಅವಳದೂ ತೀರ ಸಣ್ಣ ದನಿ. ಒಲೆಯ ಕಡೆ ಮುಖ ಮಾಡಿ ಕೂತ ಸೊಸೆಗೆ ಏನು ಹೇಳಿದರೂ ಕೇಳಿಸುತ್ತಿರಲಿಲ್ಲವಾಗಿ ದಿನದಿನಕ್ಕೂ ಒಂದಿಷ್ಟು ಏರಿಸುತ್ತ ಹೋದಳು. ದೀಪಾವಳಿಯ ಮುಂದಿನ ಒಂದು ರಜೆಯ ಸಂಜೆ ನಾವಿಬ್ಬರೂ ಹೊರಟು ಓಣಿಯ ತಿರುವಿನವರೆಗೆ ಬಂದಿದ್ದೆವು. ಹಿಂದಿನಿಂದ ಯಾವುದೋ ಗಟ್ಟಿಗಿತ್ತಿಯ ದನಿ ಬಂತು: "ಏ ಹುಡುಗೂರಾ, ಬರೂ ವಾರ ಲಗೂನ ಬರ್ರಿ. ಕರಚಿಕಾಯಿ ಮಾಡಾಕತ್ತೇವಿ."

"ಯಾರ್ಲೇ ಅದು?" ಎಂದ ವಕ್ತಾರ. ಹೊರಳಿ ನೋಡಿದರೆ ಬಾಗಿಲಲ್ಲಿ ಸೊಸೆಯ ಹೆಗಲು ಹಿಡಿದುಕೊಂಡು ಗಡಹಿಂಗ್ಲಜದ ತಾಯಿ ನಿಂತಿದ್ದಳು.