ಕೊಯ್ಲಿನ ನಡುವೆ ಆರುತ್ತಿದ್ದ ಲ್ಯಾಪ್‌ಟಾಪು

ಆ ಬೇಸಿಗೆಯಲ್ಲಿ ನನ್ನ ಲ್ಯಾಪ್‌ಟಾಪು ಎಷ್ಟು ಸಲ ಆರಿಹೋಯಿತೆಂದು ಕೇಳಿದರೆ ಚಿಕ್ಕಪ್ಪ ಒಂದು ಲೆಕ್ಕ ಹೇಳುತ್ತಾರೆ, ನಾನು ಇನ್ನೊಂದು ಹೇಳುತ್ತೇನೆ. ಇಬ್ಬರೂ ಸ್ವಲ್ಪ ಸೇರಿಸಿಯೇ ಹೇಳುವವರು. ಆದರೆ ಪ್ರತಿ ಸಲವೂ ಅದು ಕೊಯ್ಲಿನ ನಡುವೆಯೇ ಆರುತ್ತಿತ್ತು ಎಂಬುದರಲ್ಲಿ ನಮಗೆ ಜಗಳವಿಲ್ಲ.

ಕೋಲಾರದ ಕಾಲೇಜಿನಲ್ಲಿ ಪಾಠ ಮಾಡುವ ನಾನು ರಜೆಯಲ್ಲಿ ಒಂದು ವಾರ ಇರೋಣವೆಂದು ಬೈರಕೂರಿನ ಹತ್ತಿರದ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪಿತ್ತು. ಅದರೊಳಗೆ, ಸಹೋದ್ಯೋಗಿಗಳ್ಯಾರಿಗೂ ಹೇಳದೆ ಹಾಕಿಕೊಂಡಿದ್ದ ಒಂದು ಬೇಸಾಯದ ಆಟವಿತ್ತು. ಟ್ರಾಕ್ಟರಿನಲ್ಲಿ ಉಳುವುದು, ಬಿತ್ತುವುದು, ದೊಡ್ಡ ಯಂತ್ರದಲ್ಲಿ ಕೊಯ್ಯುವುದು. ಹೊಲ ಯಾವುದೋ ದೇಶದ್ದು, ಬೆಳೆ ಗೋಧಿ.

ಚಿಕ್ಕಪ್ಪ ಮೀಸೆ ಬಂದಾಗಿನಿಂದ ಟ್ರಾಕ್ಟರ್ ಓಡಿಸಿದವರು. ಬೆನ್ನಿನ ಆಪರೇಷನ್ ಆದ ಮೇಲೆ ಡಾಕ್ಟರು ಇನ್ನು ಹತ್ತಲೇಬೇಡಿ ಎಂದುಬಿಟ್ಟಿದ್ದರು. ಈಗ ಅವರ ಟ್ರಾಕ್ಟರನ್ನು ಬೇರೆಯವರು ಓಡಿಸುತ್ತಾರೆ, ಇವರು ಬದುವಿನ ಮೇಲೆ ನಿಂತು ಬೈಯುತ್ತಾರೆ. ನಾನು ಜಗುಲಿಯಲ್ಲಿ ಆಡುತ್ತಿದ್ದಾಗ ಹಿಂದೆ ಬಂದು ನಿಂತರು.

"ಇದ್ರಲ್ಲಿ ಕ್ಲಚ್ ಎಲ್ಲೈತೆ ಅಮ್ಮಣ್ಣಿ?"

"ಕ್ಲಚ್ ಇಲ್ಲ ಚಿಕ್ಕಪ್ಪಾ. ಈ ಬಾಣದ ಗುರುತು ಒತ್ತಿದ್ರೆ ಸಾಕು."

"ಕ್ಲಚ್ ಇಲ್ದೆ ಎಂಥಾ ಟ್ರಾಕ್ಟರು! ಸರ್ಕೋ ಆ ಕಡೆ."

ಸರಿದವಳು ವಾರವಿಡೀ ಸರಿದೇ ಇದ್ದೆ. ಅವರು ಉತ್ತರು, ಬಿತ್ತಿದರು. ಪೈರು ಹಣ್ಣಾಯಿತು. ಕೊಯ್ಲಿಗೆ ಇಳಿದರೆ ಅರ್ಧ ಹೊಲ ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪಿನೊಳಗಿನ ಫ್ಯಾನು ಕಿರುಚತೊಡಗುತ್ತಿತ್ತು, ಕೀಲಿಗಳು ಬಿಸಿ ಹೆಂಚಿನಂತಾಗುತ್ತಿದ್ದವು, ಪರದೆ ಕಪ್ಪಾಗುತ್ತಿತ್ತು. ಮತ್ತೆ ಹಚ್ಚಿದರೆ ಪೈರೆಲ್ಲ ಮೊದಲಿನಂತೆಯೇ ನಿಂತಿರುತ್ತಿತ್ತು. ಕಾಳನ್ನು ಕಣಜಕ್ಕೆ ಸುರಿದ ಮೇಲಷ್ಟೇ ಆಟ ಅದನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ನಾನು ಚಿಕ್ಕಪ್ಪನಿಗೆ ಹೇಳಿದ್ದೆ. ಅದು ನಿಜವೇ? ನಡುವೆ ಉಳಿಸಿಕೊಳ್ಳುವ ಬಟನ್ ಎಲ್ಲೋ ಇದ್ದಿರಲೇಬೇಕು ಎಂದು ಇದನ್ನು ಬರೆಯುವಾಗ ಅನಿಸುತ್ತಿದೆ. ಆಗ ಯಾಕೆ ಅನಿಸಲಿಲ್ಲವೋ ತಿಳಿಯದು.

ಕೋಲಾರದಲ್ಲಿ ಇದೇ ಆಟವನ್ನು ಇದೇ ಲ್ಯಾಪ್‌ಟಾಪು ತಣ್ಣಗೆ ಆಡಿಸುತ್ತಿತ್ತು. ಬಿಸಿಲಿನ ಕಾಟವೆಂದು ತೀರ್ಮಾನಿಸಿದೆ. ಅಂತರ್ಜಾಲದಲ್ಲಿ ಓದಿಕೊಂಡು, ಚಿತ್ರದ ಗುಣಮಟ್ಟ ಇಳಿಸಿದರೆ ಯಂತ್ರಕ್ಕೆ ಭಾರ ಕಡಿಮೆಯೆಂದು ಎಲ್ಲವನ್ನೂ ತಳಕ್ಕಿಳಿಸಿದೆ. ಮರಗಳ ಎಲೆ ಉದುರಿತು. ಮೋಡ ಮಾಯವಾಯಿತು. ಗೋಧಿ ಹಳದಿ ಡಬ್ಬಗಳಾಯಿತು.

ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. "ಇದು ಪೈರಾ? ಪೊರಕೆ ನೆಟ್ಟಂಗೈತೆ. ಇದನ್ನ ನಾನು ಕೊಯ್ಯಲ್ಲ."

"ಬಿಸಿ ಕಡಿಮೆ ಆಗ್ತದೆ ಚಿಕ್ಕಪ್ಪಾ."

"ಬಿಸಿ ಕಡಿಮೆ ಆಗ್ಲಿ ಅಂತ ಬೆಳೆ ಮಾನ ಕಳೆಯೋದಾ? ಮೊದಲಿದ್ದಂಗೇ ಮಾಡು."

ಮೊದಲಿನಂತೆಯೇ ಮಾಡಿದೆ, ಮೊದಲಿನಂತೆಯೇ ಆರಿತು. ಸೋಮವಾರ ಬೆಳಗಿನ ಬಸ್ಸಿಗೆ ನಾನು ಹೊರಡಬೇಕು. "ಹೋಗೋದ್ರೊಳಗೆ ಒಂದ್ಸಲ, ಒಂದೇ ಒಂದ್ಸಲ ಬೆಳೆ ಮನೆ ಸೇರಿಸ್ಬೇಕು ಅಮ್ಮಣ್ಣಿ" ಎಂದರು ಚಿಕ್ಕಪ್ಪ. ತಮಾಷೆಗೆ ಹೇಳಿದಂತಿತ್ತು. ಆದರೆ ನನ್ನ ಮುಖ ನೋಡದೆ, ರಸ್ತೆಯಲ್ಲಿ ಹೋಗುತ್ತಿದ್ದ ಯಾರದೋ ಟ್ರಾಕ್ಟರ್ ನೋಡುತ್ತ ಹೇಳಿದರು. ಅಥವಾ ಆ ಟ್ರಾಕ್ಟರನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಅಂಥವು ನನ್ನ ನೆನಪಿನೊಳಗೆ ಕರೆಯದೆ ಬಂದು ನಿಂತುಬಿಡುತ್ತವೆ.

ಇತ್ತ ಚಿಕ್ಕಮ್ಮನ ತಲೆಬಿಸಿ ಬೇರೆ. ಅವರದು ರೇಷ್ಮೆ. ಜಗುಲಿಯ ಪಕ್ಕದ ಕೋಣೆಯೇ ಹುಳದ ಮನೆ. ಹುಳಗಳ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ಬಾರದಿರಲೆಂದು ಅದರ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಕಟ್ಟಿದ್ದರು. ಆ ವಾರ ಕಿಟಕಿಯ ಬಲೆಯ ಮೂಲೆಯಲ್ಲಿ ತಟ್ಟೆಯಗಲದ ತೂತು ಕಾಣಿಸಿತ್ತು. ಚಿಕ್ಕಮ್ಮ ತೂತಿಗೆ ಬಟ್ಟೆ ತುರುಕಿ, ದಿನಕ್ಕೊಂದು ಹೊಸ ಶಾಪ ಹಾಕುತ್ತಿದ್ದರು.

"ಇಲಿ ಕಣೇ, ಇಲಿ" ಎಂದು ಚಿಕ್ಕಪ್ಪ ಪರದೆಯಿಂದ ಕಣ್ಣು ತೆಗೆಯದೆ ಸಮಾಧಾನ ಹೇಳುತ್ತಿದ್ದರು.

ಭಾನುವಾರ ಊಟವಾದ ಮೇಲೆ ಕೊನೆಯ ಪ್ರಯತ್ನಕ್ಕೆ ಕುಳಿತೆವು. ಅರ್ಧ ಹೊಲ. ಫ್ಯಾನು ಕಿರುಚಿತು. ಪರದೆ ಕಪ್ಪಾಯಿತು. ಚಿಕ್ಕಪ್ಪ ಗೋಡೆಗೊರಗಿದರು. ಅವರು ಬೈದಿದ್ದರೆ ಚಿಕ್ಕಮ್ಮ ಸುಮ್ಮನಿರುತ್ತಿದ್ದರೇನೋ. ಬೈಯದ್ದನ್ನು ಕಂಡು ಎದ್ದುಬಂದರು.

"ಕೆಳಗಡೆಯಿಂದ ಗಾಳಿ ಆಡ್ಬೇಕು" ಎಂದು, ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯೊಂದನ್ನು ತಂದು ಜಗುಲಿಯ ಮೇಲೆ ಹಾಸಿದರು. ಅದರ ಮೇಲಿಡಲು ಲ್ಯಾಪ್‌ಟಾಪನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು. ನಿಧಾನಕ್ಕೆ ಅದನ್ನು ಮಗುಚಿದರು.

ತಳದಲ್ಲಿ ಗಾಳಿಯ ತೂತುಗಳಿಗೆ ಅಡ್ಡವಾಗಿ ನಾಲ್ಕು ಮಡಿಕೆಯ ನೈಲಾನ್ ಬಲೆ. ಸುತ್ತ, ಮೋಟಾರಿನ ವೈರಿಗೆ ಸುತ್ತುವ ಕರಿ ಟೇಪು. ಬಲೆಯ ಮೇಲೆ ಹುಳದ ಮನೆಯ ಸುಣ್ಣದ ಪುಡಿಯೂ ಧೂಳೂ ಸೇರಿ ಗಾರೆಯಂತೆ ಕೂತಿತ್ತು.

ಚಿಕ್ಕಮ್ಮನ ತವರು ಗಡಿಯಾಚೆ. ಕೋಪ ಬಂದರೆ ಕನ್ನಡ ಸಾಲದೆ ತೆಲುಗಿಗೆ ಹಾರುತ್ತಾರೆ. "ಏಮಯ್ಯಾ ಇದಿ! ಇಲಿ ಅಂದ್ಯಲ್ಲ? ಇಲಿ ಟೇಪು ಹಾಕ್ತದಾ?"

"ಅಲ್ಲ ಕಣೇ... ರೇಡಿಯೇಟರ್ ಮುಂದೆ ಬಲೆ ಕಟ್ಟಲ್ವಾ? ಹೊಟ್ಟು ಒಳಗೋಗ್ಬಾರ್ದು ಅಂತ. ಇದಕ್ಕೂ ಮೊದಲ್ನೇ ದಿನಾನೇ ಕಟ್ಟಿಟ್ಟೆ. ಅಮ್ಮಣ್ಣಿ ಮಿಷನ್ನು, ನಮ್ಮನೆ ಧೂಳಿಗೆ ಹಾಳಾಗ್ಬಾರ್ದಲ್ಲ."

"ನಾಲ್ಕು ಮಡಿಕೆ ಯಾಕೆ ಚಿಕ್ಕಪ್ಪಾ?"

"ಗೋಧಿ ಹೊಟ್ಟು ಸಣ್ಣ ಇರ್ತದಲ್ಲಮ್ಮಾ" ಎಂದರು. ಹೇಳಿದ ಮೇಲೆ ತಾವೇ ಒಂದು ಗಳಿಗೆ ಯೋಚಿಸಿ, ಕೆಮ್ಮಿದರು.

ಆ ವಾರದ ನನ್ನ ಡೈರಿಯಲ್ಲಿ 'ಲ್ಯಾಪ್‌ಟಾಪನ್ನು ಪೂರ್ತಿ ಪರೀಕ್ಷಿಸಿದೆ' ಎಂದು ಬರೆದಿದೆ. ಯಾವ ಕಣ್ಣಿನಿಂದ ಪರೀಕ್ಷಿಸಿದ್ದೆನೋ.

ಚಿಕ್ಕಮ್ಮ ಟೇಪು ಕಿತ್ತು ಬಲೆ ಬಿಚ್ಚಿ, ಒದರಿ, ತೊಳೆದು, ಸೂಜಿ ದಾರ ಹಿಡಿದು ಕಿಟಕಿಗೆ ತೇಪೆ ಹಾಕಲು ಹೋದರು. ನಾವು ಚಂದ್ರಿಕೆಯ ಮೇಲೆ ಲ್ಯಾಪ್‌ಟಾಪಿಟ್ಟು ಮತ್ತೆ ಹಚ್ಚಿದೆವು. ಅರ್ಧ ಹೊಲ ದಾಟಿತು. ಮುಕ್ಕಾಲಾಯಿತು. ಆದರೆ ವಾರದ ಧೂಳು ಒಳಗೂ ಇತ್ತಲ್ಲ, ಕೊನೆಯ ಸಾಲುಗಳಲ್ಲಿ ಫ್ಯಾನು ಮತ್ತೆ ರಾಗ ತೆಗೆಯಿತು. ಚಿಕ್ಕಪ್ಪ ಯಂತ್ರಕ್ಕೆ ಹೇಳುವಂತೆ "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತಿದ್ದರು. ಆಗ ಪಕ್ಕದಿಂದ ತಣ್ಣನೆ ಗಾಳಿ ಬಂತು. ತಿರುಗಿದರೆ ಚಿಕ್ಕಮ್ಮ ಮೊರ ಹಿಡಿದು ಲ್ಯಾಪ್‌ಟಾಪಿನ ಬೆನ್ನಿಗೆ ಬೀಸುತ್ತಿದ್ದಾರೆ.

"ಎಡಕ್ಕೆ ತಗೋ, ಎಡಕ್ಕೆ! ಬದು ಹತ್ತಿಸ್ತೀಯಾ?"

"ನಂಗೆ ಟ್ರಾಕ್ಟರ್ ಓಡಿಸೋದು ಹೇಳ್ಕೊಡ್ತೀಯಾ ನೀನು?"

"ಹೇಳ್ಕೊಡ್ಬೇಕಾಗೈತಲ್ಲ, ಬಲೆ ಕಳ್ಳನಿಗೆ!"

ಕೊಯ್ಲು ಮುಗಿದು, ಟ್ರಾಕ್ಟರು ಎಳೆದ ಕಾಳಿನ ಟ್ರೈಲರು ಕಣಜದ ಮುಂದೆ ನಿಂತಿತು. ಕಾಳು ಸುರಿಯಿತು, ಪೂರ್ತಿ ಸುರಿಯಿತು. ನಾನು ಮುಚ್ಚಳ ಹಾಕಲು ಹೋದಾಗ ಚಿಕ್ಕಪ್ಪ ಕೈ ಹಿಡಿದು ತಡೆದರು.

"ದುಡಿದ ಇಂಜಿನ್ನ ತಟ್ಟಂತ ಆಫ್ ಮಾಡ್ಬಾರ್ದು. ಸುಮ್ನೆ ಓಡ್ಲಿ ಸ್ವಲ್ಪ."

ಪರದೆಯ ಮೇಲೆ ಬೋಳು ಹೊಲ, ಅದರ ಅಂಚಿನಲ್ಲಿ ಗುಡುಗುಡು ಎನ್ನುತ್ತ ನಿಂತ ಟ್ರಾಕ್ಟರು. ಫ್ಯಾನಿನ ಸದ್ದು ಇಳಿಯುವವರೆಗೆ ಮೂವರೂ ಅದನ್ನೇ ನೋಡುತ್ತ ಕುಳಿತಿದ್ದೆವು.

ಇದನ್ನು ಬರೆಯುವ ಮುಂಚೆ, ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದೆ, ಚಿಕ್ಕಮ್ಮನಿಗೆ ಫೋನು ಮಾಡಿ ಮೊರದ ವಿಷಯ ಕೇಳಿದೆ.

"ನಾನ್ಯಾಕೆ ಬೀಸ್ಲಿ? ರಾಗಿ ಕೇರ್ತಿದ್ದೆ ಕಣೇ."

"ಮೊರದಲ್ಲಿ ರಾಗಿ ಇರ್ಲಿಲ್ವಲ್ಲ ಚಿಕ್ಕಮ್ಮಾ?"

ಚಿಕ್ಕಮ್ಮ ಮಾತು ಬದಲಿಸಿದರು. "ಮುಂದಿನ ರಜಕ್ಕೆ ಬರ್ತೀಯಲ್ಲ? ಆ ಮಿಷನ್ನೂ ತಗೊಂಬಾ. ನಿಮ್ಮ ಚಿಕ್ಕಪ್ಪ ಅದ್ರಲ್ಲಿ ರಾಗಿ ಹಾಕ್ಬೇಕಂತೆ."